ಬಿಎಸ್‌ಒ ಅಂದರೇನು ಅಂತ ನನಗೆ ಗೊತ್ತಾಗಿದ್ದು ಹನ್ನೊಂದು ತಿಂಗಳ ಮೇಲೆ

ಸಂಧಿವಾತ ಇರುವ ಹೆಂಗಸರ ಒಂದು ಸಭೆಯಲ್ಲಿ ಆಡಿದ ಮಾತು ಇದು. ಕೇಳಿದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಹೆಚ್ಚುಕಡಿಮೆ ಮಾತಾಡಿದ ಹಾಗೇ ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಹತ್ತೊಂಬತ್ತು ವರ್ಷದಿಂದ ರುಮಟಾಯ್ಡ್ ಸಂಧಿವಾತದ, ಅಂದರೆ ಮೈಯ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರೋಗದ, ಜೊತೆ ಸಂಸಾರ ಮಾಡುತ್ತಿರುವವಳು. ನಲವತ್ತಮೂರನೇ ವಯಸ್ಸಿನಲ್ಲಿ ಗರ್ಭಕೋಶ ತೆಗೆಸಿಕೊಂಡವಳು. ಆಮೇಲೆ ಓದಿದ್ದು, ನನ್ನ ಡಾಕ್ಟರ ತಲೆ ತಿಂದು ಕೇಳಿ ತಿಳಿದಿದ್ದು, ಇವನ್ನೇ ಇವತ್ತು ಹೇಳುವುದು. ನಿಮ್ಮ ಮದ್ದಿನ ವಿಚಾರ ನಿಮ್ಮ ಡಾಕ್ಟರ ಹತ್ತಿರವೇ ತೀರ್ಮಾನ ಆಗಬೇಕು, ನನ್ನ ಮಾತು ಕೇಳಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಶುರುನೂ ಮಾಡಬೇಡಿ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಇಲ್ಲಿ ಎಷ್ಟು ಜನಕ್ಕೆ ಗರ್ಭಕೋಶದ ಆಪರೇಷನ್ ಆಗಿದೆ? ಕೈ ಎತ್ತಿ, ಭುಜ ನೋಯುವವರು ಬೆರಳು ಎತ್ತಿದರೂ ಸಾಕು. ಸರಿ. ಈಗ ಎರಡನೇ ಪ್ರಶ್ನೆ. ಆ ದಿನ ನಿಮ್ಮ ಅಂಡಾಶಯಗಳನ್ನೂ ತೆಗೆದರಾ, ಉಳಿಸಿದರಾ? ಗೊತ್ತಿದ್ದವರು ಮಾತ್ರ ಕೈ ಮೇಲಿಟ್ಟಿರಿ.

ನೋಡಿದಿರಾ, ಎಷ್ಟು ಕೈ ಕೆಳಗೆ ಹೋಯಿತು. ನನ್ನದೂ ಹೀಗೇ ಆಗಿತ್ತು. ಡಿಸ್ಚಾರ್ಜ್ ಹಾಳೆಯಲ್ಲಿ ಟಿಎಎಚ್, ಪಕ್ಕದಲ್ಲಿ ಒಂದು ಪ್ಲಸ್ ಗುರುತು, ಆಮೇಲೆ ಬಿಎಸ್‌ಒ ಅಂತ ಬರೆದಿದ್ದರು. ನಾನು ಅದನ್ನು ಫೈಲಿಗೆ ಹಾಕಿ ಮರೆತೆ. ಹನ್ನೊಂದು ತಿಂಗಳ ಮೇಲೆ ನನ್ನ ರುಮಟಾಲಜಿಸ್ಟ್, ಅಂದರೆ ಕೀಲಿನ ಡಾಕ್ಟರ್, ಆ ಹಾಳೆ ನೋಡಿ, "ಎರಡೂ ಅಂಡಾಶಯ ತೆಗೆದಿದ್ದಾರಲ್ಲ, ನನಗೆ ಹೇಳಲೇ ಇಲ್ಲವಲ್ಲಮ್ಮ" ಅಂದರು. ನನಗೇ ಗೊತ್ತಿರಲಿಲ್ಲ, ಇನ್ನು ಅವರಿಗೆ ಹೇಳುವುದೇನು! ಟಿಎಎಚ್ ಅಂದರೆ ಹೊಟ್ಟೆ ಕೊಯ್ದು ಇಡೀ ಗರ್ಭಕೋಶ ತೆಗೆದಿದ್ದು. ಬಿಎಸ್‌ಒ ಅಂದರೆ ಎರಡೂ ಕಡೆಯ ಅಂಡನಾಳ, ಎರಡೂ ಅಂಡಾಶಯ ತೆಗೆದಿದ್ದು. ಮೂರು ಅಕ್ಷರ. ಒಪ್ಪಿಗೆ ಪತ್ರದಲ್ಲೂ ಇತ್ತಂತೆ, ನಾನೇ ಸಹಿ ಹಾಕಿದ್ದೆ. ಓದದೆ.

ಗರ್ಭಕೋಶ ತೆಗೆದರೆ ಸಂಧಿವಾತ ಜಾಸ್ತಿ ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಮೊದಲು ಕೇಳಬೇಕಾದದ್ದು ಇದೇ, ತೆಗೆದದ್ದು ಏನು, ಉಳಿದದ್ದು ಏನು ಅಂತ. ಗರ್ಭಕೋಶ ಮಗು ಬೆಳೆಯುವ ಚೀಲ. ಮುಟ್ಟು ಅಲ್ಲಿಂದ ಬರುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ತಯಾರಾಗುವುದು ಅಂಡಾಶಯದಲ್ಲಿ, ಒಂದಿಷ್ಟು ಟೆಸ್ಟೋಸ್ಟಿರಾನ್ ಕೂಡ ಅಲ್ಲೇ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನು ಬರುತ್ತಲೇ ಇರುತ್ತದೆ. ಎರಡೂ ಅಂಡಾಶಯ ತೆಗೆದರೆ ಒಂದೆರಡು ದಿನದಲ್ಲೇ ಈಸ್ಟ್ರೋಜನ್ ಧೊಪ್ಪನೆ ಬೀಳುತ್ತದೆ. ಸಹಜವಾಗಿ ಮುಟ್ಟು ನಿಲ್ಲುವಾಗ ಹಲವು ವರ್ಷ ಏರುತ್ತಾ ಇಳಿಯುತ್ತಾ ಕಡಿಮೆಯಾಗುವಂಥದ್ದು ಇಲ್ಲಿ ಒಂದೇ ಬೆಳಗ್ಗೆಯಲ್ಲಿ ಮುಗಿದುಹೋಗುತ್ತದೆ. ನನಗೆ ಮೂರನೇ ದಿನಕ್ಕೇ ಮೈ ಬಿಸಿಯೇರಿ ಬೆವರು ಕಿತ್ತುಕೊಂಡು ಬಂತು. ಜ್ವರ ಇರಬೇಕು ಅಂತ ನರ್ಸ್ ಎರಡೆರಡು ಸಲ ಥರ್ಮಾಮೀಟರ್ ಇಟ್ಟರು.

ಅಂಡಾಶಯ ಉಳಿಸಿದರೆ ಏನೂ ತೊಂದರೆ ಇಲ್ಲ ಅಂತಲೂ ಅಲ್ಲ. ಅವಕ್ಕೆ ಹೋಗುವ ರಕ್ತದಲ್ಲಿ ಒಂದು ಪಾಲು ಗರ್ಭಕೋಶದ ರಕ್ತನಾಳದಿಂದಲೇ ಬರುತ್ತದೆ. ಅದನ್ನು ಕಟ್ಟಿ ಕತ್ತರಿಸಿದ ಮೇಲೆ ಹಲವರಲ್ಲಿ ಅಂಡಾಶಯಗಳು ಒಂದೆರಡು ವರ್ಷ ಮೊದಲೇ ಕೆಲಸ ನಿಲ್ಲಿಸುತ್ತವೆ. ಆದರೆ ಅದು ಗೊತ್ತಾಗುವುದು ಹೇಗೆ? ಮುಟ್ಟು ನಿಂತರೆ ಗೊತ್ತಾಗುತ್ತಿತ್ತು, ಆ ಲೆಕ್ಕ ಆಗಲೇ ಹೋಗಿದೆ ಅಲ್ವಾ. ಹಾಗಾಗಿ ಆಪರೇಷನ್ ಆದ ಮೂರು ನಾಲ್ಕು ವರ್ಷಕ್ಕೆ ಸುಮ್ಮಸುಮ್ಮನೆ ಕೀಲು ಹಿಡಿದುಕೊಂಡರೆ, ರಾತ್ರಿ ನಿದ್ದೆ ಕೆಟ್ಟರೆ, ಮೈ ಬಿಸಿಯಾದರೆ, ಅದರ ಹಿಂದೆ ಇದೂ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಸಂದೇಹ ಇದ್ದರೆ ಎಫ್‌ಎಸ್‌ಎಚ್ ಅಂತ ಒಂದು ರಕ್ತಪರೀಕ್ಷೆ ಇದೆ, ಅಷ್ಟಿಷ್ಟು ಸುಳಿವು ಕೊಡುತ್ತದೆ.

ಹಾರ್ಮೋನಿಗೂ ಕೀಲಿಗೂ ಏನು ಸಂಬಂಧ ಅಂತ ಕೇಳಬಹುದು. ಇದು ಹಳೇ ಕಥೆ, ನನಗೆ ತುಂಬಾ ಇಷ್ಟವಾದ ಕಥೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅಂತ ಒಬ್ಬ ವೈದ್ಯರಿದ್ದರು. ಸಂಧಿವಾತದ ಹೆಂಗಸರು ಬಸಿರಾದಾಗ ಅವರ ನೋವು, ಊತ ತಾನಾಗಿ ಇಳಿಯುವುದನ್ನು ಅವರು ಗಮನಿಸಿದರು, 1938ರಲ್ಲಿ ಅದನ್ನು ಬರೆದರು. ಮೈಯೊಳಗೆ ಏನೋ ಒಂದು ರಸ ಈ ರೋಗವನ್ನು ತಣಿಸುತ್ತಿದೆ ಅನ್ನುವುದು ಅವರ ಊಹೆ. ಅದನ್ನೇ ಹುಡುಕುತ್ತಾ ಹೋಗಿ 1948ರಲ್ಲಿ ಸಂಧಿವಾತದ ಒಬ್ಬ ರೋಗಿಗೆ ಕಾರ್ಟಿಸೋನ್ ಕೊಟ್ಟರು, ಎದ್ದು ನಡೆಯಲಾಗದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು, ಕೆಂಡಾಲ್ ಮತ್ತು ರೈಖ್‌ಸ್ಟೈನ್ ಜೊತೆಗೆ. ನಾವು ನುಂಗುವ ಸ್ಟೆರಾಯ್ಡ್ ಮಾತ್ರೆಯ ಮೂಲ ಒಂದು ರೀತಿಯಲ್ಲಿ ಬಸುರಿಯರ ಕೀಲಿನಲ್ಲಿದೆ. ನನಗೂ ಎರಡನೇ ಮಗುವಿನ ಹೊತ್ತಿಗೆ ಆರು ತಿಂಗಳು ಸ್ವರ್ಗ. ಹೆರಿಗೆಯಾಗಿ ಎರಡು ತಿಂಗಳಿಗೆ ಮಗು ಎತ್ತಲು ಆಗದ ಹಾಗೆ ಎರಡೂ ಮಣಿಕಟ್ಟು ಊದಿತು. ಇಲ್ಲಿ ತಲೆ ಆಡಿಸುತ್ತಿರುವವರೆಲ್ಲ ಇದನ್ನು ಕಂಡವರೇ ಅನ್ನಿಸುತ್ತದೆ.

ಈಸ್ಟ್ರೋಜನ್ ಒಂದೇ ಇದಕ್ಕೆಲ್ಲ ಕಾರಣ ಅಂದುಕೊಳ್ಳಬೇಡಿ. ಅದು ಎರಡು ನಾಲಿಗೆಯ ಹಾರ್ಮೋನು. ತುಂಬಾ ಜಾಸ್ತಿ ಇದ್ದಾಗ, ಅಂದರೆ ಬಸಿರಿನಲ್ಲಿ, ಉರಿಯೂತದ ಕೆಲವು ದಾರಿಗಳನ್ನು ಮುಚ್ಚುತ್ತದೆ. ಮಾಮೂಲು ಮಟ್ಟದಲ್ಲಿ ಇರುವಾಗ ಪ್ರತಿಕಾಯಗಳು (ಆಂಟಿಬಾಡಿ) ತಯಾರಾಗುವುದಕ್ಕೆ ಕುಮ್ಮಕ್ಕು ಕೊಡುತ್ತದೆ. ಅದೇ ಕಾರಣಕ್ಕೆ ಲೂಪಸ್ ಅನ್ನುವ, ರಕ್ಷಣಾ ಶಕ್ತಿ ತನ್ನ ಮೈಮೇಲೇ ತಿರುಗಿಬೀಳುವ ಇನ್ನೊಂದು ರೋಗ ಇರುವವರಿಗೆ ಈಸ್ಟ್ರೋಜನ್ ಅಂದರೆ ಹೆದರಿಕೆ, ನಮಗೆ ಅದು ಇಳಿದರೆ ಹೆದರಿಕೆ. ಒಂದೇ ಜಾತಿಯ ರೋಗಗಳು, ಹಾರ್ಮೋನಿನ ವಿಷಯದಲ್ಲಿ ಎದುರುಬದುರು. ಸಂಧಿವಾತ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ ಬರುತ್ತದೆ, ಅದೂ ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಬಹಳ ಜನಕ್ಕೆ ಶುರುವಾಗುತ್ತದೆ. ಈಸ್ಟ್ರೋಜನ್ ಇಳಿದಾಗ ಟಿಎನ್‌ಎಫ್, ಐಎಲ್-6 ಅನ್ನುವ, ಉರಿಯೂತ ಹೆಚ್ಚಿಸುವ ಎರಡು ವಸ್ತುಗಳು ರಕ್ತದಲ್ಲಿ ಏರುವ ಒಲವು ಕಂಡಿದೆ. ಈ ಹೆಸರುಗಳನ್ನು ಎಲ್ಲಿಯೋ ಕೇಳಿದ ಹಾಗಿದೆ ಅಲ್ವಾ? ನಮಗೆ ಕೊಡುವ ಇಂಜೆಕ್ಷನ್‌ಗಳಲ್ಲಿ ಅಡಾಲಿಮುಮ್ಯಾಬ್, ಎಟನರ್ಸೆಪ್ಟ್ ಹೊಡೆಯುವುದು ಟಿಎನ್‌ಎಫ್ ಮೇಲೆ, ಟೋಸಿಲಿಜುಮ್ಯಾಬ್ ತಡೆಯುವುದು ಐಎಲ್-6 ಕೆಲಸವನ್ನು. ಅಂದರೆ ಇಂಜೆಕ್ಷನ್ ಯಾವುದನ್ನು ಕೆಳಕ್ಕೆ ಎಳೆಯುತ್ತಿದೆಯೋ ಅದನ್ನೇ ಹಾರ್ಮೋನಿನ ಕುಸಿತ ಮೇಲಕ್ಕೆ ತಳ್ಳುತ್ತದೆ.

ಅಮೆರಿಕದಲ್ಲಿ ಸಂಧಿವಾತದ 8 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ತೆಗೆದು ನೋಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಅವರು ನೋಡಿದ್ದು ನೋವಿನ ಅಂಕೆಗಳನ್ನಲ್ಲ, ದಿನದ ಕೆಲಸಗಳನ್ನು, ಅಂದರೆ ಬಟ್ಟೆ ಹಾಕಿಕೊಳ್ಳುವುದು, ನಲ್ಲಿ ತಿರುಗಿಸುವುದು, ಮೆಟ್ಟಿಲು ಹತ್ತುವುದು ಇಂಥವನ್ನು. ಮುಟ್ಟು ನಿಂತವರಲ್ಲಿ ಈ ಶಕ್ತಿ ಬೇಗ ಕುಗ್ಗುತ್ತಿತ್ತು, ಇನ್ನೂ ಮುಟ್ಟಾಗುತ್ತಿರುವವರಲ್ಲಿ ನಿಧಾನ. ವಯಸ್ಸಿನ ಲೆಕ್ಕ ಬಿಟ್ಟು ನೋಡಿದರೂ ಹಾಗೇ. ಮುಟ್ಟು ಬೇಗ ನಿಂತವರಲ್ಲಿ ಸಂಧಿವಾತ ಹೊಸದಾಗಿ ಬರುವುದೂ ಜಾಸ್ತಿ ಅಂತ ನರ್ಸ್‌ಗಳ ಮೇಲೆ ದಶಕಗಳ ಕಾಲ ನಡೆದ ದೊಡ್ಡ ಅಧ್ಯಯನದಲ್ಲಿ ಕಂಡಿದೆ, ಅದೂ ಮುಖ್ಯವಾಗಿ ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ಅನ್ನುವ ಪ್ರತಿಕಾಯ ಕಾಣಿಸದ ಬಗೆಯ ಸಂಧಿವಾತ.

ಈಗ ನನ್ನ ಕಥೆಗೆ ಬರುತ್ತೇನೆ. ಇದರಲ್ಲೊಂದು ಎಡವಟ್ಟು ಇದೆ, ಅದಕ್ಕೇ ಹೇಳುವುದು. ಆಪರೇಷನ್‌ಗೆ ಮುಂಚೆ ನನ್ನ ಬಯಾಲಾಜಿಕ್ ಇಂಜೆಕ್ಷನ್, ಅಂದರೆ ಈಗ ಹೇಳಿದ ಅಡಾಲಿಮುಮ್ಯಾಬ್ ಥರದ ಮದ್ದು, ನಿಲ್ಲಿಸಿದರು. ಸರಿ, ನಿಲ್ಲಿಸಬೇಕಾದದ್ದೇ. ಮತ್ತೆ ಯಾವಾಗ ಶುರು ಮಾಡಬೇಕು ಅಂತ ಹೇಳುವುದು ಯಾರ ಕೆಲಸ? ಆಪರೇಷನ್ ಮಾಡಿದವರು ಕೀಲಿನ ಡಾಕ್ಟರ್ ಹೇಳುತ್ತಾರೆ ಅಂದುಕೊಂಡರು. ಕೀಲಿನ ಡಾಕ್ಟರ್, ಗಾಯ ಒಣಗಿದ ಮೇಲೆ ಆ ಆಸ್ಪತ್ರೆಯವರು ಹೇಳುತ್ತಾರೆ ಅಂದುಕೊಂಡರು. ನಾನು ಇಬ್ಬರೂ ಹೇಳುತ್ತಾರೆ ಅಂತ ಕಾಯುತ್ತಾ ಕೂತೆ. ಒಂಬತ್ತು ವಾರ ಹೋಯಿತು. ಆರನೇ ವಾರಕ್ಕೆ ಬೆರಳು ಮಡಚಲು ಆಗುತ್ತಿರಲಿಲ್ಲ. ಎಂಟನೇ ವಾರಕ್ಕೆ ಮಂಡಿ. ಅಂಡಾಶಯ ಹೋಗಿದ್ದರಿಂದ ಹೀಗಾಯಿತಾ, ಮದ್ದು ನಿಂತಿದ್ದರಿಂದಲಾ? ಇವತ್ತಿಗೂ ಹೇಳಲು ಆಗುವುದಿಲ್ಲ, ಎರಡೂ ಒಟ್ಟಿಗೇ ಆಯಿತಲ್ಲ. ಬಹಳ ಹೆಂಗಸರು "ಗರ್ಭಕೋಶ ತೆಗೆಸಿದ ಮೇಲೆ ಗಂಟುನೋವು ಕೆರಳಿತು" ಅನ್ನುತ್ತಾರೆ, ನಾನೂ ಅನ್ನುತ್ತಿದ್ದೆ. ಅವರಲ್ಲಿ ಎಷ್ಟು ಜನರ ಮದ್ದು ಆ ಹೊತ್ತಿಗೆ ನಿಂತಿತ್ತು ಅಂತ ಯಾರೂ ಕೇಳುವುದಿಲ್ಲ.

ಹಾಗಾಗಿ ಆಪರೇಷನ್ ಗೊತ್ತಾದ ಕೂಡಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಯಾವ ಮದ್ದು, ಯಾವತ್ತು ನಿಲ್ಲಿಸುವುದು, ಯಾವತ್ತು ಶುರು ಮಾಡುವುದು, ಯಾರು ಹೇಳಬೇಕು. ಮಂಡಿ, ಸೊಂಟದ ಕೀಲು ಬದಲಿಸುವ ಆಪರೇಷನ್‌ಗಾಗಿ ಅಮೆರಿಕದ ರುಮಟಾಲಜಿ ಸಂಸ್ಥೆ 2017ರಲ್ಲಿ ಮಾರ್ಗಸೂಚಿ ಮಾಡಿತು, 2022ರಲ್ಲಿ ತಿದ್ದಿತು. ಬೇರೆ ಆಪರೇಷನ್‌ಗಳಿಗೂ ಬಹಳ ಡಾಕ್ಟರುಗಳು ಅದನ್ನೇ ಮುಂದಿಟ್ಟುಕೊಳ್ಳುತ್ತಾರೆ. ಅದರ ಪ್ರಕಾರ ಸಂಧಿವಾತದ ಮಾಮೂಲಿ ಮದ್ದುಗಳಾದ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್, ಲೆಫ್ಲುನೊಮೈಡ್ ಇವನ್ನು ನಿಲ್ಲಿಸುವ ಅಗತ್ಯ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಹೆದರಿ ಎಲ್ಲವನ್ನೂ ತಿಂಗಳುಗಟ್ಟಲೆ ನಿಲ್ಲಿಸಿಬಿಡುತ್ತಾರೆ. ಬಯಾಲಾಜಿಕ್ ಇಂಜೆಕ್ಷನ್ ಆದರೆ ಒಂದು ಸರದಿ ಬಿಟ್ಟು ಆಪರೇಷನ್ ಇಟ್ಟುಕೊಳ್ಳುವುದು. ಎರಡು ವಾರಕ್ಕೊಮ್ಮೆ ಚುಚ್ಚುವ ಅಡಾಲಿಮುಮ್ಯಾಬ್ ಆದರೆ ಕೊನೆಯ ಚುಚ್ಚಿನಿಂದ ಮೂರನೇ ವಾರದಲ್ಲಿ. ಟೋಫಾಸಿಟಿನಿಬ್ ಥರದ ಮಾತ್ರೆ ಆದರೆ ಮೂರು ದಿನ ಮುಂಚೆ ನಿಲ್ಲಿಸುವುದು. ಮತ್ತೆ ಶುರು ಮಾಡುವುದು ಗಾಯ ಕೂಡಿಕೊಂಡು, ಹೊಲಿಗೆ ತೆಗೆದು, ಸೋಂಕು ಇಲ್ಲ ಅಂತ ಆದ ಮೇಲೆ, ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ. ಒಂಬತ್ತು ವಾರಕ್ಕಲ್ಲ.

ಸ್ಟೆರಾಯ್ಡ್ ತಗೊಳ್ಳುವವರು ಇನ್ನೂ ಹುಷಾರು. ಬಹಳ ದಿನದಿಂದ ಪ್ರೆಡ್ನಿಸೋಲೋನ್ ನುಂಗುತ್ತಿದ್ದರೆ ಮೈಯೊಳಗಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ. ಆಪರೇಷನ್‌ನಂಥ ಹೊತ್ತಲ್ಲಿ ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯಬಹುದು. ಸ್ಟೆರಾಯ್ಡ್ ತಗೊಳ್ಳುತ್ತಿದ್ದೇನೆ ಅಂತ ಕೇಳಿದವರಿಗೂ ಹೇಳಿ, ಕೇಳದವರಿಗೂ ಹೇಳಿ.

ಇನ್ನೊಂದು ವಿಷಯ, ಗಂಟಲಿಗೆ ಕೊಳವೆ ಹಾಕುವ ಅರಿವಳಿಕೆ ಡಾಕ್ಟರಿಗೆ ಸಂಬಂಧಿಸಿದ್ದು. ಸಂಧಿವಾತ ಬೆರಳು ಮಂಡಿಗಳದ್ದು ಅಂತ ಜನ ತಿಳಿದಿರುತ್ತಾರೆ. ಹಲವು ವರ್ಷದ ರೋಗ ಕತ್ತಿಗೂ ಹೋಗುತ್ತದೆ. ಕತ್ತಿನ ಮೊದಲ ಎರಡು ಮೂಳೆಗಳನ್ನು ಹಿಡಿದಿರುವ ಕಟ್ಟು ಸಡಿಲವಾಗಿ ಮೂಳೆ ಜಾರುವಂತಾಗಿರಬಹುದು, ಅದೂ ನಿಮಗೆ ಯಾವ ಸುಳಿವೂ ಕೊಡದೆ. ಕೊಳವೆ ಹಾಕುವಾಗ ಕತ್ತನ್ನು ಹಿಂದಕ್ಕೆ ಬಾಗಿಸುತ್ತಾರೆ. ಮುಂಚೆಯೇ ಹೇಳಿದ್ದರೆ ಕತ್ತು ಮುಂದೆ ಹಿಂದೆ ಬಾಗಿಸಿ ಎಕ್ಸ್‌ರೇ ತೆಗೆದು, ಬೇರೆ ಉಪಾಯ ಮಾಡುತ್ತಾರೆ. ದವಡೆಯ ಕೀಲು ಹಿಡಿದಿದ್ದರೆ, ಬಾಯಿ ಪೂರ್ತಿ ತೆರೆಯದಿದ್ದರೆ ಅದನ್ನೂ ಹೇಳಿ. ಯೋನಿಯ ಮೂಲಕ ಗರ್ಭಕೋಶ ತೆಗೆಯುವುದಾದರೆ ಕಾಲು ಮೇಲೆತ್ತಿ ಅಗಲಿಸಿ ಕಟ್ಟುತ್ತಾರೆ, ಅದೂ ಒಂದೆರಡು ಗಂಟೆ. ನಿದ್ದೆಯಲ್ಲಿರುವ ಮನುಷ್ಯಳು "ಅಯ್ಯೋ, ಸೊಂಟ" ಅನ್ನುವುದಿಲ್ಲವಲ್ಲ! ಎಚ್ಚರ ಇರುವಾಗಲೇ ಆ ಭಂಗಿಯಲ್ಲಿ ಕಾಲು ಇಟ್ಟು ತೋರಿಸಿ, ಎಷ್ಟರವರೆಗೆ ಆಗುತ್ತದೆ ಅಂತ ಅವರಿಗೆ ತಿಳಿಯಲಿ. ಕೀಲು ಬದಲಿಸಿದ್ದರೆ ಅಂತೂ ಕಡ್ಡಾಯವಾಗಿ ಹೇಳಬೇಕು. ಗ್ಲೂಕೋಸ್ ಸೂಜಿಯನ್ನು ಒಳ್ಳೆಯ ಮಣಿಕಟ್ಟಿಗೆ ಹಾಕಬೇಕೋ ಕೆಟ್ಟದ್ದಕ್ಕೋ ಅನ್ನುವುದೂ ಮುಂಚೆಯೇ ಯೋಚಿಸುವ ವಿಷಯ. ನಾನು ಕೆಟ್ಟದ್ದಕ್ಕೇ ಹಾಕಿ ಅಂದೆ, ಒಳ್ಳೆಯದು ಏಳುವುದಕ್ಕೆ ಬೇಕು ಅಂತ. ಅಲ್ಲಿ ಮಾತ್ರ ನನ್ನ ಬುದ್ಧಿ ಓಡಿತ್ತು.

ಯಾಕೆಂದರೆ ಆಪರೇಷನ್ ಆದ ಹೊಸದರಲ್ಲಿ ಹಾಸಿಗೆಯಿಂದ ಏಳುವುದೇ ನಮ್ಮಂಥವರಿಗೆ ದೊಡ್ಡ ಕೆಲಸ. ಬೇರೆಯವರು ಹೊಟ್ಟೆ ನೋಯುತ್ತದೆ ಅಂತ ಅಂಗೈ ಊರಿ ಏಳುತ್ತಾರೆ. ನಮ್ಮ ಅಂಗೈ ಊರಿದರೆ ಮಣಿಕಟ್ಟು ಕೂಗುತ್ತದೆ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಮುಂಗೈ ಊರಿ ಏಳುವುದನ್ನು ಮನೆಯಲ್ಲಿ ಮೊದಲೇ ಅಭ್ಯಾಸ ಮಾಡಿ ಹೋಗಿ. ರಕ್ತ ಹೆಪ್ಪುಗಟ್ಟದಂತೆ ಬಿಗಿ ಕಾಲುಚೀಲ ಕೊಡುತ್ತಾರೆ, ಅದನ್ನು ಎಳೆದು ಹಾಕಿಕೊಳ್ಳಲು ನಮ್ಮ ಬೆರಳಿಗೆ ಆಗುವುದಿಲ್ಲ, ಒಬ್ಬರು ಜೊತೆಗೆ ಬೇಕು. ಬೇಡ ಅನ್ನಬೇಡಿ, ಸಂಧಿವಾತ ಇರುವವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಳಿದವರಿಗಿಂತ ಜಾಸ್ತಿ. ಜ್ವರ ಬಂದಿಲ್ಲ ಅಂತ ಗಾಯ ಸರಿ ಇದೆ ಅಂದುಕೊಳ್ಳುವುದೂ ತಪ್ಪು. ಸ್ಟೆರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ. ಟೋಸಿಲಿಜುಮ್ಯಾಬ್ ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿಯನ್ನೂ ಏಳಗೊಡುವುದಿಲ್ಲ. ಗಾಯ ಕೆಂಪಾಗಿದೆಯಾ, ಒಸರುತ್ತಿದೆಯಾ, ವಾಸನೆ ಬರುತ್ತಿದೆಯಾ ಅಂತ ಕಣ್ಣಲ್ಲೇ ನೋಡಬೇಕು.

ಸರಿ, ಮನೆಗೆ ಬಂದಿರಿ. ಒಂದೆರಡು ತಿಂಗಳಿಗೆ ಕೀಲು ನೋಯುತ್ತಿದೆ. ಇದು ಸಂಧಿವಾತ ಕೆರಳಿದ್ದಾ, ಹಾರ್ಮೋನು ಇಳಿದಿದ್ದರ ನೋವಾ? ಹಾರ್ಮೋನು ಇಳಿದರೆ ಸಂಧಿವಾತ ಇಲ್ಲದ ಹೆಂಗಸರಿಗೂ ಕೀಲು ನೋಯುತ್ತದೆ. ಸ್ತನ ಕ್ಯಾನ್ಸರ್‌ಗೆ ಅರೋಮಟೇಸ್ ಇನ್‌ಹಿಬಿಟರ್ ಅನ್ನುವ ಮಾತ್ರೆ ಕೊಡುತ್ತಾರೆ, ಅದು ಮೈಯಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ನಿಲ್ಲಿಸುತ್ತದೆ. ಆ ಮಾತ್ರೆ ತಗೊಳ್ಳುವವರ ದೊಡ್ಡ ದೂರು ಕೀಲುನೋವು, ಬೆಳಗಿನ ಬಿಗಿತ. ಎಷ್ಟೋ ಜನ ಅದಕ್ಕಾಗಿಯೇ ಮಾತ್ರೆ ಬಿಡುತ್ತಾರೆ.

ವ್ಯತ್ಯಾಸ ನೋಡುವುದು ಹೇಗೆ? ನಾನು ಮಾಡುವುದು ಹೇಳುತ್ತೇನೆ. ಬೆಳಗ್ಗೆ ಎದ್ದಾಗಿಂದ ಕೈ ಸಡಿಲವಾಗುವವರೆಗೆ ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ ಬರೆಯುತ್ತೇನೆ. ಹತ್ತು ಹದಿನೈದು ನಿಮಿಷದಲ್ಲಿ ಬಿಟ್ಟುಕೊಂಡರೆ ಒಂದು ಕಥೆ, ಒಂದು ಗಂಟೆ ದಾಟಿದರೆ ಬೇರೆ ಕಥೆ. ಕೀಲು ಬರೀ ನೋಯುತ್ತಿದೆಯಾ, ಊದಿದೆಯಾ? ಬೆರಳಿನ ಬುಡದ ಗೆಣ್ಣುಗಳ ನಡುವಿನ ತಗ್ಗು ಮುಚ್ಚಿಹೋಗಿದ್ದರೆ, ಮುಟ್ಟಿದರೆ ಬಿಸಿ ಅನ್ನಿಸಿದರೆ, ಒತ್ತಿದರೆ ಮೆತ್ತಗೆ ಸ್ಪಂಜಿನ ಹಾಗಿದ್ದರೆ ರೋಗವೇ ಕೆರಳಿದೆ ಅಂತ ನನ್ನ ಲೆಕ್ಕ, ಆ ವಾರವೇ ಫೋನ್ ಮಾಡುತ್ತೇನೆ. ಊತ ಇಲ್ಲದೆ ಮೈಯೆಲ್ಲ ಹೊಡೆದ ಹಾಗೆ ನೋವು, ರಾತ್ರಿ ಮೂರು ಸಲ ಬೆವತು ಎಚ್ಚರ, ಉರಿಯೂತದ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎಂದಿನಂತೆ ಇದ್ದರೆ ಹಾರ್ಮೋನಿನ ಕಡೆ ಸಂದೇಹ. ಎರಡೂ ಒಟ್ಟಿಗೆ ಇರುವುದೂ ಉಂಟು. ಗೊಂದಲ ಇದ್ದರೆ ಕೀಲಿನ ಅಲ್ಟ್ರಾಸೌಂಡ್‌ನಲ್ಲಿ ಒಳಗೆ ಉರಿಯೂತ ಇದೆಯಾ ಅಂತ ಕಾಣುತ್ತದೆ. ಇಷ್ಟೆಲ್ಲ ಯಾಕೆ ಅಂದರೆ, ಹಾರ್ಮೋನಿನ ನೋವಿಗೆ ಸಂಧಿವಾತದ ಮದ್ದು ಏರಿಸಿದರೆ ಪ್ರಯೋಜನ ಇಲ್ಲ, ಲಿವರ್‌ಗೆ ಭಾರ ಅಷ್ಟೇ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು. "ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ" ಅಂತ ಸುಮ್ಮನಿದ್ದು ಆರು ತಿಂಗಳಲ್ಲಿ ಮೂಳೆಯೇ ತಿಂದುಹೋದರೆ ಅದು ವಾಪಸ್ ಬರುವುದಿಲ್ಲ. ಈ "ಇದ್ದದ್ದೇ" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಈಸ್ಟ್ರೋಜನ್ ಕಾರಣಕ್ಕಲ್ಲ.

ಹಾರ್ಮೋನು ಮದ್ದು ತಗೊಳ್ಳಬಹುದಾ? 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ದೊಡ್ಡ ಪರೀಕ್ಷೆಯ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು, ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತು ಅಂತ. ಅಲ್ಲಿಂದ ಹೆದರಿಕೆ ಎಲ್ಲ ಕಡೆ ಹಬ್ಬಿತು. ಆದರೆ ಆ ಭಾಗದಲ್ಲಿ ಇದ್ದವರು ಗರ್ಭಕೋಶ ಇದ್ದವರು, ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಥರದ ಮದ್ದು) ತಗೊಂಡವರು, ಸರಾಸರಿ ವಯಸ್ಸು 63. ಗರ್ಭಕೋಶ ತೆಗೆಸಿದ 10,739 ಹೆಂಗಸರ ಇನ್ನೊಂದು ಭಾಗವೂ ಇತ್ತು, ಅವರಿಗೆ ಕೊಟ್ಟಿದ್ದು ಈಸ್ಟ್ರೋಜನ್ ಒಂದೇ. ಅಲ್ಲಿ ಸ್ತನ ಕ್ಯಾನ್ಸರ್ ಏರಲಿಲ್ಲ, ಆದರೆ ಪಾರ್ಶ್ವವಾಯು ಸ್ವಲ್ಪ ಜಾಸ್ತಿ ಕಂಡಿತು. ಈ ಭಾಗದಲ್ಲೇ ಕೀಲುನೋವಿನ ಲೆಕ್ಕವನ್ನೂ ಹಾಕಿದರು. ಒಂದು ವರ್ಷ ಮದ್ದು ತಗೊಂಡ ಮೇಲೆ ಕೀಲುನೋವು ಇದೆ ಅಂದವರು ಈಸ್ಟ್ರೋಜನ್ ತಗೊಂಡ 100ರಲ್ಲಿ ಸುಮಾರು 76, ಖಾಲಿ ಮಾತ್ರೆ ತಗೊಂಡ 100ರಲ್ಲಿ ಸುಮಾರು 79. ಅಷ್ಟೇ. ಉಪಕಾರ ಇದೆ, ಪವಾಡ ಇಲ್ಲ. ಇದು ಮಾಮೂಲಿ ಕೀಲುನೋವಿನ ಮಾತು. ಸಂಧಿವಾತದ ಮೇಲೆ ಹಾರ್ಮೋನು ಮದ್ದು ಎದ್ದುಕಾಣುವ ಪರಿಣಾಮ ಬೀರಲಿಲ್ಲ, ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ.

ಹಾಗಾದರೆ ಯಾಕೆ ತಗೊಳ್ಳಬೇಕು? ಅಂಡಾಶಯಗಳನ್ನು 45ಕ್ಕೂ ಮುಂಚೆ ತೆಗೆದಿದ್ದರೆ ಅದು ಬರೀ ಬೆವರಿನ ಪ್ರಶ್ನೆ ಆಗಿ ಉಳಿಯುವುದಿಲ್ಲ. ಹೃದಯ, ಮೂಳೆ ಎರಡಕ್ಕೂ ಪೆಟ್ಟು. ಸಂಧಿವಾತ ತಾನೇ ಹೃದಯದ ಅಪಾಯವನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತದೆ, ಅದರ ಮೇಲೆ ಇದೂ ಸೇರುತ್ತದೆ. ಬೇರೆ ಅಡ್ಡಿ ಇಲ್ಲದಿದ್ದರೆ, ಉದಾಹರಣೆಗೆ ಸ್ತನ ಕ್ಯಾನ್ಸರ್ ಆಗಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜನ್ ಕೊಡುವುದು ಈಗಿನ ರೂಢಿ. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಬೇಕಾಗುವುದಿಲ್ಲ. ಸಂಧಿವಾತ ಇದೆ ಅನ್ನುವುದೊಂದೇ ಹಾರ್ಮೋನು ಮದ್ದಿಗೆ ಅಡ್ಡಿ ಅಲ್ಲ ಅಂತ 2020ರ ರುಮಟಾಲಜಿ ಮಾರ್ಗಸೂಚಿಯೂ ಹೇಳುತ್ತದೆ. ಆದರೆ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಇರುವವರು ದೂರ ಇರಬೇಕು, ರಕ್ತ ಹೆಪ್ಪುಗಟ್ಟುವ ಭಯ. ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪ್ಯಾಚ್‌ಗಳಲ್ಲಿ ಆ ಅಪಾಯ ಕಡಿಮೆ. ಪ್ಯಾಚಿನ ಹಿಂದಿನ ಹಾಳೆ ಕೀಳುವುದು ನಮ್ಮ ಉಗುರಿಗೆ ಒಂದು ಶಿಕ್ಷೆ, ನನಗೆ ಪಂಪ್ ಇರುವ ಜೆಲ್ಲೇ ವಾಸಿ.

ಮೂಳೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇದು ಮುಖ್ಯವಲ್ಲ ಅಂತಲ್ಲ, ಹೇಳುವುದು ಸುಲಭ ಅಂತ. ಸಂಧಿವಾತ ಮೂಳೆ ಸವೆಸುತ್ತದೆ, ಸ್ಟೆರಾಯ್ಡ್ ಸವೆಸುತ್ತದೆ, ಈಸ್ಟ್ರೋಜನ್ ಇಳಿದರೆ ಸವೆಯುತ್ತದೆ, ಅದೂ ಮೊದಲ ಕೆಲವು ವರ್ಷ ಜೋರಾಗಿ. ಮೂರೂ ಒಬ್ಬಳ ಮೇಲೇ ಬಿದ್ದರೆ? ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಫ್ರಾಕ್ಸ್ ಅಂತ ಮೂಳೆ ಮುರಿತದ ಲೆಕ್ಕ ಮಾಡುವ ಪಟ್ಟಿ ಮಾಡಿದರು. ಅದರಲ್ಲಿ ರುಮಟಾಯ್ಡ್ ಸಂಧಿವಾತಕ್ಕೇ ಬೇರೆ ಒಂದು ಚೌಕ ಇದೆ, ಸ್ಟೆರಾಯ್ಡ್‌ಗೆ ಇನ್ನೊಂದು. ಅಂಡಾಶಯ ತೆಗೆಸಿದವರು ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಲು 65 ಆಗಲಿ ಅಂತ ಕಾಯಬೇಕಿಲ್ಲ.

ಇನ್ನೂ ಆಪರೇಷನ್ ಆಗದವರಿಗೆ ಒಂದು ಮಾತು. ರಕ್ತಸ್ರಾವ ಜಾಸ್ತಿ ಅನ್ನುವ ಕಾರಣಕ್ಕೆ ಹೇಳಿದ್ದರೆ, ಬೇರೆ ದಾರಿಗಳನ್ನು ಕೇಳಿದ್ದೀರಾ? ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಹಾರ್ಮೋನು ಬಿಡುವ ಸಾಧನವನ್ನು ಗರ್ಭಕೋಶದೊಳಗೆ ಇಡುವುದಿದೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ತಗೊಳ್ಳುವವರೂ ಅದನ್ನು ಹಾಕಿಸಿಕೊಳ್ಳಬಹುದು. ಒಳಪದರ ಸುಡುವುದಿದೆ, ಗಡ್ಡೆ ಮಾತ್ರ ತೆಗೆಯುವುದಿದೆ. ಕ್ಯಾನ್ಸರ್ ಇದ್ದರೆ ಮಾತು ಬೇರೆ. ಏನೇ ಮಾಡಿದರೂ ಮೊದಲು ಕಬ್ಬಿಣಾಂಶ ಸರಿಮಾಡಿಕೊಳ್ಳಿ. ನಮ್ಮಲ್ಲಿ ಇದೂ ಒಂದು ಮೋಸ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ ಪರೀಕ್ಷೆ ನಾರ್ಮಲ್ ಅಂತ ಬರುತ್ತದೆ, ಯಾಕೆಂದರೆ ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ, ಒಳಗೆ ಕಬ್ಬಿಣ ಖಾಲಿಯಾಗಿದ್ದರೂ. ಹಿಮೋಗ್ಲೋಬಿನ್ ಕಡಿಮೆ ಇದ್ದು ಫೆರಿಟಿನ್ ಸರಿ ಇದ್ದರೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಕೂಡ ನೋಡಿ ಅಂತ ಕೇಳಿ.

ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಕೇಳಿದರು: ಅಂಡಾಶಯ ಉಳಿಸಿದರೆ ನಾಳೆ ಅದಕ್ಕೇ ಕ್ಯಾನ್ಸರ್ ಬಂದರೆ? ನನಗೂ ಇದನ್ನೇ ಹೇಳಿದ್ದರಂತೆ, ನಾನಾಗ ಅರೆನಿದ್ದೆಯಲ್ಲಿ ತಲೆಯಾಡಿಸಿದ್ದೆ. ಬಿಆರ್‌ಸಿಎ ಜೀನ್ ದೋಷ ಇರುವವರಿಗೆ, ಮನೆತನದಲ್ಲಿ ಆ ಕ್ಯಾನ್ಸರ್ ಇರುವವರಿಗೆ ಈ ಭಯ ನಿಜವಾದದ್ದು, ಅವರು ತೆಗೆಸುವುದರಲ್ಲಿ ಅರ್ಥ ಇದೆ. ಉಳಿದವರಿಗೆ ಈಗ ನಡುದಾರಿ ಇದೆ. ಅಂಡಾಶಯದ ಕ್ಯಾನ್ಸರ್ ಅನ್ನುವುದರಲ್ಲಿ ಬಹಳಷ್ಟು ಅಂಡನಾಳದ ತುದಿಯಲ್ಲಿ ಶುರುವಾಗುತ್ತದೆ ಅಂತ ತಿಳಿದ ಮೇಲೆ, ನಾಳ ಮಾತ್ರ ತೆಗೆದು ಅಂಡಾಶಯ ಬಿಡುವುದು ರೂಢಿಗೆ ಬಂದಿದೆ. ಆ ಮಾತನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಆಡಬೇಕು.

ಇನ್ನೊಬ್ಬರದು: ಗರ್ಭಕೋಶ ಹೋಯಿತಲ್ಲ, ಗರ್ಭಕಂಠದ ಕ್ಯಾನ್ಸರ್ ಹುಡುಕುವ ಪ್ಯಾಪ್ ಪರೀಕ್ಷೆ ಇನ್ನು ಬೇಡ ತಾನೇ? ಗರ್ಭಕಂಠ ಉಳಿಸಿದ್ದಾರಾ ನೋಡಿ. ಕೆಲವು ಆಪರೇಷನ್‌ಗಳಲ್ಲಿ ಮೇಲಿನ ಭಾಗ ಮಾತ್ರ ತೆಗೆಯುತ್ತಾರೆ. ಕಂಠ ಉಳಿದಿದ್ದರೆ ಪರೀಕ್ಷೆಯೂ ಉಳಿಯಿತು, ನಮ್ಮ ಮದ್ದುಗಳು ಪ್ರತಿರೋಧ ಶಕ್ತಿ ತಗ್ಗಿಸುವುದರಿಂದ ನಾವು ಇನ್ನೂ ತಪ್ಪದೆ ಮಾಡಿಸಬೇಕು.

ಮೂರನೆಯದನ್ನು ಎಲ್ಲರ ಮುಂದೆ ಕೇಳಲಿಲ್ಲ, ಬಾಗಿಲ ಹತ್ತಿರ ಕಿವಿಯಲ್ಲಿ ಕೇಳಿದರು. ಒಳಗೆಲ್ಲ ಒಣಗಿ ಗಂಡನ ಹತ್ತಿರ ಹೋಗಲು ಭಯ, ಇದನ್ನು ಯಾವ ಡಾಕ್ಟರಿಗೆ ಹೇಳುವುದು ಅಂತ. ಯಾರಿಗಾದರೂ ಹೇಳಿ, ಕೀಲಿನ ಡಾಕ್ಟರಿಗೆ ಹೇಳಿದರೂ ನಡೆಯುತ್ತದೆ. ಯೋನಿಯ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ತೀರಾ ಕಡಿಮೆ ಪ್ರಮಾಣ, ರಕ್ತಕ್ಕೆ ಹೋಗುವುದು ಅತ್ಯಲ್ಪ. ಕಣ್ಣು, ಬಾಯಿ ಕೂಡ ಒಣಗುತ್ತಿದ್ದರೆ ಶೋಗ್ರೆನ್ ಅನ್ನುವ ಕಾಯಿಲೆ ಜೊತೆಗಿದೆಯಾ ಅಂತಲೂ ನೋಡಿಸಬೇಕು, ಸಂಧಿವಾತದ ಜೊತೆ ಅದು ಬರುವುದು ಅಪರೂಪವಲ್ಲ.

ಸಭೆ ಮುಗಿದು ಕುರ್ಚಿ ಎತ್ತಿಡುತ್ತಿದ್ದರು. ಕೈ ಕೆಳಗಿಳಿಸಿದವರಲ್ಲಿ ಒಬ್ಬರು ಹಿಂದಿನ ಸಾಲಿನಲ್ಲಿ ಇನ್ನೂ ಕೂತಿದ್ದರು. ಮಗಳಿಗೆ ಫೋನ್ ಮಾಡಿ ಬೀರುವಿನಿಂದ ಡಿಸ್ಚಾರ್ಜ್ ಹಾಳೆ ತೆಗೆಸಿ ಫೋಟೋ ಕಳಿಸಿಕೊಂಡಿದ್ದರು. ಫೋನನ್ನು ಎರಡೂ ಅಂಗೈ ನಡುವೆ ಹಿಡಿದು, ಬೆರಳಿನ ಗೆಣ್ಣಿನಿಂದ ಚಿತ್ರ ದೊಡ್ಡದು ಮಾಡಿ ನನ್ನ ಕಡೆ ತಿರುಗಿಸಿದರು. "ಅಕ್ಕ, ಇದರಲ್ಲಿ ಬಿಎಸ್‌ಒ ಇಲ್ಲ. ಎಲ್‌ಎಸ್‌ಒ ಅಂತಿದೆ. ಏನದು?"

ಎಡಗಡೆಯದು ಮಾತ್ರ ತೆಗೆದಿದ್ದಾರೆ ಅಂತ ಅಂದೆ.

"ಹಾಗಾದ್ರೆ ಬಲಗಡೆದು ಇದೆಯಾ?" ಅಂತ ಕೇಳಿ, ಆ ಹಾಳೆಯ ತಾರೀಖು ನೋಡಿ, ಎಷ್ಟು ವರ್ಷ ಆಯಿತು ಅಂತ ಬೆರಳು ಮಡಚಲಾಗದೆ ಬಾಯಲ್ಲೇ ಎಣಿಸತೊಡಗಿದರು.